ಆಕಸ್ಮಿಕವಾಗಿ ಸಿಕ್ಕ ಎಲಿಜಬೆತ್ ಕಾಲದ ಆರು ಪೆನ್ನಿಯ ಬೆಳ್ಳಿ ನಾಣ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ಉತ್ತ ಹೊಲದ ಹೆಂಟೆಗಳ ನಡುವೆ, ಮನೆಯ ಹಿತ್ತಿಲಿನಲ್ಲಿ, ನದಿಯ ಕೆಸರಿನಲ್ಲಿ ನಾಲ್ಕು ಶತಮಾನಗಳಷ್ಟು ಹಳೆಯ ತೆಳುವಾದ ಬೆಳ್ಳಿ ನಾಣ್ಯಗಳು ಇಂದಿಗೂ ಸಿಗುತ್ತಲೇ ಇವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣಸಿಗುವುದು 1558ರಿಂದ 1603ರವರೆಗೆ ಆಳಿದ ಮೊದಲನೆಯ ಎಲಿಜಬೆತ್ ರಾಣಿಯ ಆರು ಪೆನ್ನಿಯ ನಾಣ್ಯ. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ, ನಾಣ್ಯಗಳ ಚರಿತ್ರೆಯಲ್ಲಿ ಆಸಕ್ತಿಯಿರುವ ಇಲ್ಲಿನ ಓದುಗರಿಗೂ ಸಹಜವಾಗಿ ಮೂಡುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ನಾಣ್ಯ ಈಗಷ್ಟೇ ಕೈಗೆ ಬಂದಿದ್ದರೆ ಅದು ಸಿಕ್ಕ ಜಾಗವನ್ನು ಮೊದಲು ಗುರುತು ಹಾಕಿಕೊಳ್ಳಿ, ಉಳಿದದ್ದನ್ನು ಆಮೇಲೆ ಓದಿ.

ಸುತ್ತಿಗೆ ಏಟಿನ ನಾಣ್ಯ ಎಂದರೆ ಏನು?

ಯಂತ್ರದ ನೆರವಿಲ್ಲದೆ, ಎರಡು ಅಚ್ಚುಗಳ ನಡುವೆ ಬೆಳ್ಳಿಯ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆದು ಮಾಡಿದ ನಾಣ್ಯವೇ ಸುತ್ತಿಗೆ ಏಟಿನ ನಾಣ್ಯ. ಎಲಿಜಬೆತ್ ಕಾಲದಲ್ಲಿ ಈ ಕೆಲಸ ನಡೆಯುತ್ತಿದ್ದುದು ಲಂಡನ್ನಿನ ಗೋಪುರದ ಕೋಟೆಯೊಳಗಿನ ಟಂಕಸಾಲೆಯಲ್ಲಿ. ಬೆಳ್ಳಿಯನ್ನು ಮೂಸೆಯಲ್ಲಿ ಕರಗಿಸಿ, ತಕ್ಕಷ್ಟು ತಾಮ್ರ ಬೆರೆಸಿ, ಪಟ್ಟಿಗಳಾಗಿ ಎರಕ ಹೊಯ್ದು, ಬಡಿದು ತಗಡಾಗಿಸಿ, ತುಂಡು ತುಂಡಾಗಿ ಕತ್ತರಿಸುತ್ತಿದ್ದರು. ಮೂಲೆಗಳನ್ನು ಕತ್ತರಿಯಿಂದ ಸವರಿ ದುಂಡಗೆ ಮಾಡಿ, ಬಡಿತದಿಂದ ಬಿರುಸಾದ ಲೋಹವನ್ನು ಮತ್ತೆ ಕಾಯಿಸಿ ಮೆದುಗೊಳಿಸಿ, ತೊಳೆದು ಬಿಳುಪು ಬರಿಸಿದ ಮೇಲೆ ಆ ಬಿಲ್ಲೆಗಳು ಅಚ್ಚಿನವರ ಕೈಸೇರುತ್ತಿದ್ದವು. ಕೆಳಗಿನ ಅಚ್ಚಿನ ಚೂಪಾದ ಬುಡವನ್ನು ಮರದ ದಿಮ್ಮಿಯಲ್ಲಿ ಹೂತು ಅಲುಗಾಡದಂತೆ ನಿಲ್ಲಿಸಲಾಗುತ್ತಿತ್ತು. ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಅದರ ತಲೆಯ ಮೇಲೆ ಏಟು ಹಾಕಲಾಗುತ್ತಿತ್ತು.

ಪ್ರತಿ ಏಟಿಗೂ ಕೈ ಒಂದಿಷ್ಟು ಆಚೀಚೆ ಆಗುವುದು ಸಹಜವಾದ್ದರಿಂದ ಇಂಥ ಎರಡು ನಾಣ್ಯಗಳು ತದ್ವತ್ತಾಗಿ ಇರುವುದಿಲ್ಲ. ಒಂದರಲ್ಲಿ ಚಿತ್ರ ಪಕ್ಕಕ್ಕೆ ಸರಿದು ಅಂಚಿನ ಅಕ್ಷರಗಳು ಬಿಲ್ಲೆಯ ಹೊರಗೇ ಉಳಿದುಹೋಗಿರುತ್ತವೆ; ಇನ್ನೊಂದರಲ್ಲಿ ಅಚ್ಚು ಜಾರಿ ರಾಣಿಯ ಮೂಗು ಎರಡು ಸಲ ಮೂಡಿರುತ್ತದೆ. ಇವು ನಾಣ್ಯವನ್ನು ಮಾಡಿದ ಕೈಯ ಗುರುತುಗಳೇ ಹೊರತು ಆಮೇಲೆ ಆದ ಹಾನಿಯಲ್ಲ. ಈ ವಿಧಾನ ನಮಗೂ ಹೊಸದಲ್ಲ. ಟಂಕಸಾಲೆಗೆ ಕನ್ನಡದಲ್ಲಿ ಕಮ್ಮಟ ಎಂಬ ಹಳೆಯ ಹೆಸರಿದೆ. ವಿಜಯನಗರದ ವರಾಹಗಳೂ ಹೀಗೆಯೇ ಕೈಯಿಂದ ಅಚ್ಚೊತ್ತಿದವು.

ನನಗೆ ಸಿಕ್ಕಿರುವುದು ಎಲಿಜಬೆತ್ ರಾಣಿಯ ಆರು ಪೆನ್ನಿಯೇ ಎಂದು ಹೇಗೆ ತಿಳಿಯುವುದು?

ಮೊದಲು ಗಾತ್ರ ಮತ್ತು ತೂಕವನ್ನು ನೋಡಬೇಕು. ಅಗಲ ಸುಮಾರು 26 ಮಿಲಿಮೀಟರ್, ಅಂದರೆ ನಮ್ಮ ಹತ್ತು ರೂಪಾಯಿ ನಾಣ್ಯದಷ್ಟೇ ಎನ್ನಬಹುದು. ಆದರೆ ಅದಕ್ಕಿಂತ ಎಷ್ಟೋ ತೆಳು, ತೂಕ ಅದರ ಅರ್ಧಕ್ಕೂ ಕಡಿಮೆ. ಒಂದು ಟ್ರಾಯ್ ಪೌಂಡ್ (ಚಿನ್ನ ಬೆಳ್ಳಿ ತೂಗುವ ಅಳತೆ, ಸುಮಾರು 373 ಗ್ರಾಂ) ಬೆಳ್ಳಿಯಿಂದ 60 ಶಿಲಿಂಗ್, ಅಂದರೆ ಹನ್ನೆರಡು ಪೆನ್ನಿಯ 60 ನಾಣ್ಯ, ಮಾಡಬೇಕೆಂಬುದು ಆಗಿನ ಕಟ್ಟಳೆಯಾಗಿತ್ತು. ಆ ಲೆಕ್ಕದಲ್ಲಿ ಆರು ಪೆನ್ನಿಗೆ 3.11 ಗ್ರಾಂ ಬರುತ್ತದೆ. 1601ರಲ್ಲಿ ಅದೇ ಪೌಂಡಿನಿಂದ 62 ಶಿಲಿಂಗ್ ತೆಗೆಯಲು ಆರಂಭಿಸಿದ್ದರಿಂದ ಕೊನೆಯ ವರ್ಷಗಳ ನಾಣ್ಯ 3.01 ಗ್ರಾಮಿಗೆ ಇಳಿಯಿತು. ನಿಮ್ಮ ನಾಣ್ಯ ಸವೆದು 2.5 ಗ್ರಾಂ ತೂಗಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಆಮೇಲೆ ಮುಂಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎಡಕ್ಕೆ ಮುಖ ಮಾಡಿದ, ಕಿರೀಟ ತೊಟ್ಟ ರಾಣಿಯ ಚಿತ್ರವಿರಬೇಕು ಮತ್ತು ಅವಳ ತಲೆಯ ಹಿಂದೆ ಒಂದು ಪುಟ್ಟ ಗುಲಾಬಿ ಹೂವಿರಬೇಕು. ಹಿಂಬದಿಯಲ್ಲಿ ಗುರಾಣಿ, ಅದರ ನಾಲ್ಕು ಭಾಗಗಳಲ್ಲಿ ಫ್ರಾನ್ಸಿನ ಲಿಲ್ಲಿ ಹೂಗಳು ಮತ್ತು ಇಂಗ್ಲೆಂಡಿನ ಸಿಂಹಗಳು, ಗುರಾಣಿಯ ಹಿಂದಿನಿಂದ ನಾಲ್ಕೂ ದಿಕ್ಕಿಗೆ ಚಾಚಿದ ಉದ್ದನೆಯ ಶಿಲುಬೆ, ಗುರಾಣಿಯ ನೆತ್ತಿಯ ಮೇಲೆ ಇಸವಿ ಇರುತ್ತವೆ. ಇಸವಿ 1561ರಿಂದ 1602ರೊಳಗೆ ಇರುತ್ತದೆ.

ಗುಲಾಬಿಯ ಬದಲು ತಲೆಯ ಹಿಂದೆ ರೋಮನ್ ಅಂಕಿಯ ಆರು ಕಂಡರೆ ಅದು ಎಲಿಜಬೆತ್ ನಂತರ ಬಂದ ಮೊದಲನೆಯ ಜೇಮ್ಸ್ ಅಥವಾ ಮೊದಲನೆಯ ಚಾರ್ಲ್ಸ್ ದೊರೆಯದು. ಎರಡು ಮುಖಗಳು ಎದುರುಬದುರಾಗಿದ್ದರೆ ಅದು ಅವಳ ಅಕ್ಕ ಮೇರಿ ಮತ್ತು ಮೇರಿಯ ಗಂಡ ಫಿಲಿಪ್ ಅವರದು. ಮುಖವೇ ಇಲ್ಲದೆ ಲ್ಯಾಟಿನ್ ಬಿಟ್ಟು ಇಂಗ್ಲಿಷ್ ಮಾತುಗಳಿದ್ದರೆ ಅದು ದೊರೆಯಿಲ್ಲದ ಕಾಲದ್ದು. 1649ರಲ್ಲಿ ಚಾರ್ಲ್ಸ್‌ನ ತಲೆ ತೆಗೆದ ಮೇಲೆ 1660ರವರೆಗೆ ಇದ್ದ ಗಣರಾಜ್ಯದ ನಾಣ್ಯ.

ತಲೆಯ ಹಿಂದೆ ಗುಲಾಬಿ ಏಕೆ?

ಗುಲಾಬಿ ರಾಣಿಯ ಮನೆತನವಾದ ಟ್ಯೂಡರ್ ವಂಶದ ಲಾಂಛನವೆಂಬುದು ನಿಜ, ಆದರೆ ಇಲ್ಲಿ ಅದು ನಿಂತಿರುವುದು ವ್ಯವಹಾರದ ಕಾರಣಕ್ಕೆ. 1561ರಲ್ಲಿ ಆರು ಪೆನ್ನಿಯ ಜೊತೆಗೆ ಮೂರು ಪೆನ್ನಿ, ಒಂದೂವರೆ ಪೆನ್ನಿ ಮತ್ತು ಮುಕ್ಕಾಲು ಪೆನ್ನಿಯ ನಾಣ್ಯಗಳೂ ಹೊರಬಂದವು. ಅದಾಗಲೇ ನಾಲ್ಕು ಪೆನ್ನಿ, ಎರಡು ಪೆನ್ನಿ, ಒಂದು ಪೆನ್ನಿಗಳು ಚಲಾವಣೆಯಲ್ಲಿದ್ದವು. ಎಲ್ಲದರ ಮೇಲೂ ಅದೇ ರಾಣಿ, ಅದೇ ಗುರಾಣಿ. ಗಾತ್ರದ ವ್ಯತ್ಯಾಸ ಬಹಳ ಕಡಿಮೆ. ಓದು ಬಾರದ ಹಣ್ಣಿನ ವ್ಯಾಪಾರಿಗೂ ಗುರುತು ಸಿಗಲೆಂದು ಹೊಸ ನಾಲ್ಕು ನಾಣ್ಯಗಳಿಗೆ ಗುಲಾಬಿಯನ್ನೂ ಇಸವಿಯನ್ನೂ ಹಾಕಿದರು, ಹಳೆಯವಕ್ಕೆ ಎರಡನ್ನೂ ಹಾಕಲಿಲ್ಲ.

ಮುಕ್ಕಾಲು ಪೆನ್ನಿಯ ಹಿಂದಿರುವ ಯೋಚನೆ ನನಗೆ ಬಹಳ ಮೆಚ್ಚುಗೆಯಾದದ್ದು. ಪೆನ್ನಿಯ ಕಾಲು ಭಾಗವಾದ ಫಾರ್ದಿಂಗನ್ನು ಬೆಳ್ಳಿಯಲ್ಲಿ ಮಾಡಿದರೆ ಬೆರಳಿಗೇ ಸಿಗದಷ್ಟು ಚಿಕ್ಕದಾಗುತ್ತದೆ. ಅದನ್ನು ಮಾಡುವ ಬದಲು, ಪೆನ್ನಿ ಕೊಟ್ಟವನಿಗೆ ಮುಕ್ಕಾಲು ಪೆನ್ನಿ ಚಿಲ್ಲರೆ ಹಿಂತಿರುಗಿಸಿದರೆ ಫಾರ್ದಿಂಗಿನ ಸರಕು ಮಾರಿದಂತಾಯಿತಲ್ಲ!

ಅಂಚಿನ ಬರಹದ ಅರ್ಥವೇನು?

ಮುಂಬದಿಯ ಲ್ಯಾಟಿನ್ ಬರಹವು ‘ದೇವರ ಕೃಪೆಯಿಂದ ಇಂಗ್ಲೆಂಡ್, ಫ್ರಾನ್ಸ್ ಮತ್ತು ಐರ್ಲೆಂಡಿನ ರಾಣಿ ಎಲಿಜಬೆತ್’ ಎಂಬುದರ ಸಂಕ್ಷಿಪ್ತ ರೂಪ. ಫ್ರಾನ್ಸಿನಲ್ಲಿ ಇಂಗ್ಲೆಂಡಿಗೆ ಉಳಿದಿದ್ದ ಕೊನೆಯ ಊರಾದ ಕ್ಯಾಲೆ 1558ರ ಜನವರಿಯಲ್ಲೇ, ಅವಳು ಪಟ್ಟಕ್ಕೆ ಬರುವ ಮೊದಲೇ ಕೈತಪ್ಪಿಹೋಗಿತ್ತು. ಆದರೂ ಬಿರುದನ್ನು ಬಿಟ್ಟುಕೊಡಲಿಲ್ಲ. ಹಿಂಬದಿಯಲ್ಲಿರುವುದು ‘ಪೊಸುಯಿ ದೇಉಮ್ ಅಡ್ಯುಟೋರೆಮ್ ಮೇಉಮ್’, ಎಂದರೆ ‘ದೇವರನ್ನು ನನ್ನ ಸಹಾಯಕನನ್ನಾಗಿ ಮಾಡಿಕೊಂಡೆ’ ಎಂದು. ಆಗಿನ ಅಕ್ಷರ ಕೊರೆಯುವವರು ‘ಯು’ ಅಕ್ಷರದ ಜಾಗದಲ್ಲಿ ‘ವಿ’ ಅಕ್ಷರವನ್ನೇ ಬಳಸುತ್ತಿದ್ದರು. ಓದಲು ತೊಡಕಾಗುವುದು ಹೆಚ್ಚಾಗಿ ಅದರಿಂದಲೇ.

ಬರಹದ ಆರಂಭದಲ್ಲಿ ಬಾಣದ ಮೊನೆಯಂಥ ಚಿಹ್ನೆಯಿದೆ. ಅದು ಏನು?

ಅದು ಟಂಕಸಾಲೆಯ ಹೊಣೆಗಾರಿಕೆಯ ಗುರುತು. ಪ್ರತಿ ಅವಧಿಯಲ್ಲಿ ಹೊರಬರುವ ನಾಣ್ಯಗಳಲ್ಲಿ ಕೆಲವನ್ನು ಎತ್ತಿ ಒಂದು ಪೆಟ್ಟಿಗೆಗೆ ಹಾಕಿ ಭದ್ರಪಡಿಸುತ್ತಿದ್ದರು. ಆಮೇಲೊಂದು ದಿನ ಅಕ್ಕಸಾಲಿಗರ ಪಂಚಾಯಿತರ ಎದುರು ಪೆಟ್ಟಿಗೆ ತೆರೆದು ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಒರೆಗೆ ಹಚ್ಚುತ್ತಿದ್ದರು. ಕೊರತೆ ಕಂಡರೆ ಟಂಕಸಾಲೆಯ ಮುಖ್ಯಸ್ಥನೇ ಉತ್ತರ ಕೊಡಬೇಕಾಗಿತ್ತು. ಯಾವ ನಾಣ್ಯ ಯಾವ ಅವಧಿಯದು ಎಂದು ಗೊತ್ತಾಗಲಿ ಎಂದೇ ಚಿಹ್ನೆಯನ್ನು ಬದಲಾಯಿಸುತ್ತ ಹೋದರು. ಹದಿಮೂರನೆಯ ಶತಮಾನದಿಂದ ಬಂದ ಈ ಪರೀಕ್ಷೆ ‘ಪಿಕ್ಸ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿ ಈಗಲೂ ನಡೆಯುತ್ತದೆ.

ಬಾಣದ ಮೊನೆ 1561ರಿಂದ 1565ರವರೆಗಿನ ಚಿಹ್ನೆ. ಆಮೇಲೆ ಚಿಕ್ಕ ಕಿರೀಟ, ಕೋಟೆ, ಓಕ್ ಮರದ ಕಾಯಿ, ಗಂಟೆ, ಅರ್ಧಚಂದ್ರ, ಅಂಗೈ, ಉಣ್ಣೆಯ ಮೂಟೆ, ಬೀಗದ ಕೈ, ಲಂಗರು ಹೀಗೆ ಒಂದಾದ ಮೇಲೊಂದು ಬಂದು, ಕೊನೆಯಲ್ಲಿ ಒಂದು ಮತ್ತು ಎರಡು ಎಂಬ ಅಂಕಿಗಳಿಗೆ ಮುಗಿಯುತ್ತವೆ. ಇಸವಿ ಪೂರ್ತಿ ಅಳಿಸಿಹೋದ ನಾಣ್ಯದಲ್ಲೂ ಈ ಚಿಹ್ನೆ ಉಳಿದಿದ್ದರೆ ಕಾಲವನ್ನು ಕೆಲವೇ ವರ್ಷಗಳ ಅಂತರದೊಳಗೆ ಹೇಳಬಹುದು. ಆದ್ದರಿಂದ ಇಸವಿ ಕಾಣಲಿಲ್ಲವೆಂದು ಉಜ್ಜಲು ಹೋಗಬೇಡಿ, ಚಿಹ್ನೆಯನ್ನು ಹುಡುಕಿ.

ರಾಣಿ ಹೊಸ ನಾಣ್ಯ ತಂದದ್ದೇಕೆ? ಹಳೆಯದಕ್ಕೆ ಏನಾಗಿತ್ತು?

ಅವಳ ತಂದೆ ಎಂಟನೆಯ ಹೆನ್ರಿ ಯುದ್ಧದ ಖರ್ಚಿಗಾಗಿ 1544ರಿಂದ ಬೆಳ್ಳಿ ನಾಣ್ಯಕ್ಕೆ ತಾಮ್ರ ತುಂಬಿಸತೊಡಗಿದ. ಮಗ ಆರನೆಯ ಎಡ್ವರ್ಡ್ ಕಾಲದಲ್ಲಿ, 1551ರ ವೇಳೆಗೆ, ಕೆಲವು ನಾಣ್ಯಗಳಲ್ಲಿ ಬೆಳ್ಳಿ ಉಳಿದದ್ದು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಮೇಲಿನ ತೆಳು ಬೆಳ್ಳಿ ಸವೆದೊಡನೆ ದೊರೆಯ ಚಿತ್ರದ ಮೂಗು ಕೆಂಪಗಾಗುತ್ತಿದ್ದುದರಿಂದ ಜನ ಹೆನ್ರಿಯನ್ನು ‘ತಾಮ್ರಮೂಗಿನವ’ ಎಂದು ಕರೆದರು. ಒಳ್ಳೆಯ ನಾಣ್ಯವನ್ನು ಬಚ್ಚಿಟ್ಟುಕೊಂಡು ಕೆಟ್ಟದ್ದನ್ನು ದಾಟಿಸುವುದು ಎಲ್ಲರ ಅಭ್ಯಾಸವಾಯಿತು, ಬೆಲೆಗಳು ಏರಿದವು. 1560 ಮತ್ತು 1561ರಲ್ಲಿ ಎಲಿಜಬೆತ್ ಸರ್ಕಾರ ಕಲಬೆರಕೆ ಹಣವನ್ನು ಮರಳಿ ಪಡೆದು, ಕರಗಿಸಿ, ಉತ್ತಮ ಬೆಳ್ಳಿಯ ನಾಣ್ಯಗಳನ್ನು ಹೊಯ್ಯಿತು. ಅಲ್ಲಿಯವರೆಗೆ ಜನ ಮೋಸಹೋಗದಿರಲೆಂದು ಎಡ್ವರ್ಡನ ಕಳಪೆ ಶಿಲಿಂಗುಗಳ ಮೇಲೆ ಮುದ್ರೆ ಒತ್ತಿ ಬೆಲೆ ಇಳಿಸಲಾಯಿತು: ಕೋಟೆಬಾಗಿಲಿನ ಜಾಲರಿಯ ಮುದ್ರೆಯಿದ್ದದ್ದಕ್ಕೆ ನಾಲ್ಕೂವರೆ ಪೆನ್ನಿ, ಬೇಟೆನಾಯಿಯ ಮುದ್ರೆಯಿದ್ದದ್ದಕ್ಕೆ ಎರಡೂಕಾಲು ಪೆನ್ನಿ. ನಿಮ್ಮ ಕೈಯಲ್ಲಿರುವ ಆರು ಪೆನ್ನಿ ಈ ಶುದ್ಧೀಕರಣದ ಬೆನ್ನಲ್ಲೇ ಬಂದದ್ದು. 1561ರ ನಂತರ ಸುಮಾರು ಇಪ್ಪತ್ತು ವರ್ಷ ಶಿಲಿಂಗುಗಳನ್ನು ಹೊಯ್ಯಲೇ ಇಲ್ಲವಾದ್ದರಿಂದ ದಿನದ ವ್ಯವಹಾರದ ಭಾರವೆಲ್ಲ ಆರು ಪೆನ್ನಿಯ ಮೇಲೆ ಬಿತ್ತು. ಅದು ಇಂದು ಇಷ್ಟೊಂದು ಸಂಖ್ಯೆಯಲ್ಲಿ ಸಿಗುವುದಕ್ಕೆ ಇದೂ ಒಂದು ಕಾರಣ.

ಆಗ ಆರು ಪೆನ್ನಿಗೆ ಏನು ಬರುತ್ತಿತ್ತು?

ಹನ್ನೆರಡು ಪೆನ್ನಿಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್. ಆರು ಪೆನ್ನಿ ಎಂದರೆ ಹಳ್ಳಿಗಾಡಿನ ಕೂಲಿಯಾಳಿನ ಒಂದು ದಿನದ ದುಡಿಮೆಗೆ ಹೆಚ್ಚುಕಡಿಮೆ ಸಮ. ಲಂಡನ್ನಿನ ಬಯಲು ನಾಟಕಶಾಲೆಗಳಲ್ಲಿ ಒಂದು ಪೆನ್ನಿಗೆ ಅಂಗಳದಲ್ಲಿ ನಿಂತು ನಾಟಕ ನೋಡಬಹುದಿತ್ತು. ಶ್ರೀಮಂತರು ಕೂರುವ ಕೊಠಡಿಗೆ ಆರು ಪೆನ್ನಿ. ಇದನ್ನು ಕಳೆದುಕೊಂಡವರು ಅಂದು ಸಂಜೆ ಬಗ್ಗಿ ಬಗ್ಗಿ ನೆಲ ನೋಡಿಯೇ ಇರಬೇಕು ಎಂದು ನಾನು ನಂಬುತ್ತೇನೆ.

ನಾಣ್ಯದ ಮೇಲೆ 1573 ಎಂದಿದೆ. ಅದು ಆ ವರ್ಷವೇ ಕಳೆದುಹೋಯಿತೇ?

ಹಾಗೆ ಹೇಳಲಾಗದು. ಇಸವಿ ತಿಳಿಸುವುದು ನಾಣ್ಯ ಹುಟ್ಟಿದ ವರ್ಷವನ್ನು ಮಾತ್ರ. ಸುತ್ತಿಗೆ ಏಟಿನ ನಾಣ್ಯಗಳನ್ನು ಚಲಾವಣೆಯಿಂದ ತೆಗೆದುಹಾಕಿದ್ದು 1696ರಲ್ಲಿ ಆರಂಭವಾದ ಮಹಾ ಪುನರ್‌ಟಂಕನದಲ್ಲಿ, ಎಂದರೆ ಹಳೆಯ ಬೆಳ್ಳಿ ಹಣವನ್ನು ಮರಳಿ ಪಡೆದು ಹೊಸದಾಗಿ ಅಚ್ಚೊತ್ತಿದಾಗ. ಐಸಾಕ್ ನ್ಯೂಟನ್ ಟಂಕಸಾಲೆಯ ಅಧಿಕಾರಿಯಾಗಿ ಬಂದದ್ದೂ ಅದೇ ವರ್ಷ. ಅಲ್ಲಿಯವರೆಗೆ, ಎಂದರೆ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, 1573ರ ನಾಣ್ಯ ಕೈಯಿಂದ ಕೈಗೆ ಓಡಾಡುತ್ತಿರಬಹುದಿತ್ತು. 1640ರ ದಶಕದ ಅಂತರ್ಯುದ್ಧದಲ್ಲಿ ಹೂತಿಟ್ಟ ನಿಧಿಗಳಲ್ಲಿ ಎಲಿಜಬೆತ್ ನಾಣ್ಯಗಳು ಹೇರಳವಾಗಿರುವುದು ಇದಕ್ಕೆ ಸಾಕ್ಷಿ. ಸವಕಲನ್ನು ಗಮನಿಸಿ: ರಾಣಿಯ ಕೂದಲಿನ ಎಳೆಗಳೂ ಕಿರೀಟದ ಮುತ್ತುಗಳೂ ಚೂಪಾಗಿದ್ದರೆ ಬೇಗ ಕಳೆದುಹೋದದ್ದು, ಮುಖ ನೆರಳಿನಂತೆ ಮಸುಕಾಗಿದ್ದರೆ ಬಹುಕಾಲ ದುಡಿದದ್ದು ಎಂದು ಊಹಿಸಬಹುದು.

ಅಂಚು ಯಾರೋ ಕತ್ತರಿಸಿದಂತಿದೆ. ಏಕೆ?

ಬಹುಶಃ ಯಾರೋ ಕತ್ತರಿಸಿಯೇ ಇದ್ದಾರೆ. ನಾಣ್ಯದ ಬೆಲೆ ಅದರ ಬೆಳ್ಳಿಯಲ್ಲೇ ಇದ್ದುದರಿಂದ, ಅಂಚನ್ನು ಚೂರು ಚೂರೇ ಸವರಿ ಬೆಳ್ಳಿ ಕೂಡಿಸಿ, ಉಳಿದ ನಾಣ್ಯವನ್ನು ಪೂರ್ಣ ಬೆಲೆಗೆ ದಾಟಿಸುವವರು ಇದ್ದರು. ಅದು ರಾಜದ್ರೋಹ, ಶಿಕ್ಷೆ ಮರಣ, ಆದರೂ ನಿಲ್ಲಲಿಲ್ಲ. 1695ರಲ್ಲಿ ಖಜಾನೆಗೆ ಬಂದ ಹಳೆಯ ಬೆಳ್ಳಿ ಹಣವನ್ನು ತೂಗಿ ನೋಡಿದಾಗ ಅದು ಇರಬೇಕಾದ ತೂಕದ ಸುಮಾರು ಅರ್ಧಕ್ಕೆ ಇಳಿದಿತ್ತು. 1660ರ ದಶಕದಿಂದ ಯಂತ್ರದ ನಾಣ್ಯಗಳಿಗೆ ಅಂಚಿನಲ್ಲಿ ಗೀರು ಅಥವಾ ಅಕ್ಷರ ಮೂಡಿಸಿದ್ದು ಈ ಕಳ್ಳತನ ಒಂದೇ ನೋಟಕ್ಕೆ ಗೊತ್ತಾಗಲೆಂದೇ. ಅಂಚಿನ ಅಕ್ಷರಗಳ ತಲೆ ಎಲ್ಲೆಡೆ ಒಂದೇ ಸಮ ಹೋಗಿದ್ದರೆ ಕತ್ತರಿಯ ಕೆಲಸ. ಒಂದು ಕಡೆ ಮಾತ್ರ ಇಲ್ಲವಾಗಿ ಎದುರು ಕಡೆ ಖಾಲಿ ಅಂಚು ಉಳಿದಿದ್ದರೆ ಅಚ್ಚು ಸರಿದದ್ದು.

ನಾಣ್ಯ ಬಾಗಿದೆ. ನೆಟ್ಟಗೆ ಮಾಡಬಹುದೇ?

ಬೇಡ. ನೇಗಿಲಿಗೆ ಸಿಕ್ಕಿ ಬಾಗಿರಬಹುದು, ಬೇಕೆಂದೇ ಬಾಗಿಸಿದ್ದೂ ಇರಬಹುದು. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಆರು ಪೆನ್ನಿಯನ್ನು ಎರಡು ಕಡೆ ಮಡಿಸಿ, ಹಾವಿನ ಹೆಜ್ಜೆಯಂತೆ ಡೊಂಕು ಮಾಡಿ, ಪ್ರೀತಿಯ ಕಾಣಿಕೆಯಾಗಿ ಕೊಡುವ ರೂಢಿ ವ್ಯಾಪಕವಾಗಿತ್ತು. ಅಂಥದ್ದನ್ನು ನೆಟ್ಟಗೆ ಮಾಡಿದರೆ ಅದರ ಕತೆ ಅಳಿಸಿಹೋಗುತ್ತದೆ. ಅಲ್ಲದೆ ಬಹುಕಾಲ ಮಣ್ಣಿನಲ್ಲಿದ್ದ ಬೆಳ್ಳಿ ಬಿರುಸಾಗಿ, ಬಗ್ಗಿಸಿದೊಡನೆ ಎರಡಾಗಬಹುದು.

ಕಪ್ಪಗಾಗಿರುವ ನಾಣ್ಯವನ್ನು ತೊಳೆಯಬಹುದೇ?

ದೇವರ ಮನೆಯ ಬೆಳ್ಳಿ ದೀಪವನ್ನು ವಿಭೂತಿ ಹಾಕಿ ತಿಕ್ಕುವ ನಮ್ಮ ಅಭ್ಯಾಸವನ್ನು ಇಲ್ಲಿ ಖಂಡಿತವಾಗಿ ಮರೆಯಬೇಕು. ವಿಭೂತಿ, ಹುಣಸೆಹಣ್ಣು, ಅಡುಗೆ ಸೋಡಾ, ಹಲ್ಲಿನ ಪೇಸ್ಟು, ಬ್ರಷ್ಷು ಯಾವುದೂ ಬೇಡ. ಕಪ್ಪು ಪದರ ಬೆಳ್ಳಿಯೂ ಗಂಧಕವೂ ಸೇರಿ ಆದದ್ದು. ಹಸಿರು ಕಲೆ ಬೆರಕೆಯ ತಾಮ್ರದಿಂದ ಬಂದದ್ದು. ಚಿತ್ರದ ಅತಿ ಸೂಕ್ಷ್ಮ ಗೆರೆಗಳು ಅನೇಕ ವೇಳೆ ಆ ಪದರದಲ್ಲೇ ಉಳಿದಿರುತ್ತವೆ, ತಿಕ್ಕಿದರೆ ಅವೂ ಹೋಗುತ್ತವೆ. ಮಣ್ಣು ಅಂಟಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ತಾನಾಗಿ ಬಿಟ್ಟಷ್ಟು ಬಿಡಲಿ. ಒರೆಸದೆ ಮೆತ್ತನೆಯ ಬಟ್ಟೆಯ ಮೇಲಿಟ್ಟು ಒಣಗಿಸಿ, ಆಮ್ಲರಹಿತ ಕಾಗದದಲ್ಲಿ ಇಡಿ. ಪಿವಿಸಿ ಪ್ಲಾಸ್ಟಿಕ್ ಲಕೋಟೆ ಕಾಲಕ್ರಮದಲ್ಲಿ ಲೋಹವನ್ನು ತಿನ್ನುತ್ತದೆ.

ಕಾನೂನಿನ ಪ್ರಕಾರ ನಾನು ಏನು ಮಾಡಬೇಕು?

ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿಗೆ 1996ರ ನಿಧಿ ಕಾಯ್ದೆ ಅನ್ವಯಿಸುತ್ತದೆ. ಅದು ಜಾರಿಗೆ ಬಂದದ್ದು 1997ರ ಸೆಪ್ಟೆಂಬರಿನಲ್ಲಿ. 300 ವರ್ಷಕ್ಕೂ ಹಳೆಯ, ಶೇಕಡಾ 10ರಷ್ಟಾದರೂ ಚಿನ್ನ ಅಥವಾ ಬೆಳ್ಳಿಯಿರುವ ಎರಡು ಅಥವಾ ಹೆಚ್ಚು ನಾಣ್ಯಗಳು ಒಟ್ಟಾಗಿ ಸಿಕ್ಕರೆ ಅದು ನಿಧಿ. ಅದನ್ನು 14 ದಿನಗಳೊಳಗೆ ಆ ಜಿಲ್ಲೆಯ ಕರೋನರ್ ಎಂಬ ಅಧಿಕಾರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ ಆಗಬಹುದು. ಒಂಟಿಯಾಗಿ ಸಿಕ್ಕ ಒಂದು ನಾಣ್ಯ ಸಾಮಾನ್ಯವಾಗಿ ನಿಧಿಯಾಗುವುದಿಲ್ಲ. ಹಾಗೆಂದು ಅದು ಸಿಕ್ಕವರದೇ ಆಗಿಬಿಡುವುದೂ ಇಲ್ಲ, ಜಮೀನಿನ ಒಡೆಯರ ಹಕ್ಕು ಮೊದಲು ಬರುತ್ತದೆ. ಸ್ಕಾಟ್ಲೆಂಡಿನ ನಿಯಮ ಬೇರೆ, ಅಲ್ಲಿ ಒಂಟಿ ನಾಣ್ಯವನ್ನೂ ವರದಿ ಮಾಡಬೇಕು.

ಲೋಹಶೋಧಕ ಹಿಡಿದು ಹುಡುಕುವುದಾದರೆ ಒಡೆಯರ ಅನುಮತಿ ಮೊದಲೇ ಬೇಕು. ಸಂರಕ್ಷಿತ ಸ್ಮಾರಕಗಳಲ್ಲಿ ಪರವಾನಗಿಯಿಲ್ಲದೆ ಅದನ್ನು ಬಳಸುವುದು ಅಪರಾಧ. ಲಂಡನ್ನಿನಲ್ಲಿ ಥೇಮ್ಸ್ ನದಿಯ ಇಳಿತದ ದಡದಲ್ಲಿ ಹುಡುಕಲು ಬಂದರು ಪ್ರಾಧಿಕಾರದ ಪರವಾನಗಿ ಬೇಕು.

ನಿಧಿಯಲ್ಲದ ಒಂದು ನಾಣ್ಯವನ್ನು ಯಾರಿಗಾದರೂ ತೋರಿಸುವ ಅಗತ್ಯವೇನು?

ಕಾನೂನಿನ ಒತ್ತಾಯವಿಲ್ಲ, ಆದರೆ ದಯವಿಟ್ಟು ತೋರಿಸಿ. ಬ್ರಿಟಿಷ್ ಮ್ಯೂಸಿಯಂ ಮತ್ತು ವೇಲ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ನಡೆಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಎಂಬ ಯೋಜನೆಯಲ್ಲಿ, ಜನಸಾಮಾನ್ಯರಿಗೆ ಸಿಕ್ಕ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. ಆಯಾ ಪ್ರದೇಶಕ್ಕೆ ಅದಕ್ಕೆಂದೇ ಅಧಿಕಾರಿಗಳಿದ್ದಾರೆ; ಅವರು ನಾಣ್ಯವನ್ನು ನೋಡಿ, ತೂಗಿ, ಚಿತ್ರ ತೆಗೆದು, ಸಿಕ್ಕ ಜಾಗವನ್ನು ನಕಾಶೆಯಲ್ಲಿ ಗುರುತಿಸಿ ಮರಳಿ ಕೊಡುತ್ತಾರೆ.

ನಾಣ್ಯದಂಗಡಿಯ ತಟ್ಟೆಯಲ್ಲಿ ಬಿದ್ದಿರುವ ಆರು ಪೆನ್ನಿ ಹೇಳುವುದು ಟಂಕಸಾಲೆಯ ಕತೆಯನ್ನು ಮಾತ್ರ, ಅದು ನಮಗೆ ಮೊದಲೇ ಗೊತ್ತಿದೆ. ಇಂಥ ಹೊಲದ ಇಂಥ ಮೂಲೆಯಲ್ಲಿ ಸಿಕ್ಕಿತು ಎಂಬ ಒಂದು ಸಾಲು ಸೇರಿದರೆ ಅದು ಬೇರೆಯದೇ ವಿಷಯ ಹೇಳತೊಡಗುತ್ತದೆ. ತಿಪ್ಪೆಯ ಗೊಬ್ಬರದ ಜೊತೆ ಹೊಲಕ್ಕೆ ಬಂದ ನಾಣ್ಯಗಳು ಚದುರಿ ಬಿದ್ದಿರುತ್ತವೆ. ಸಂತೆ ನಡೆದ ಬಯಲಿನಲ್ಲಿ ಒತ್ತಾಗಿ ಸಿಗುತ್ತವೆ. ಮರೆತುಹೋದ ಕಾಲುದಾರಿಯ ಗುಂಟ ಸಾಲಾಗಿ ಸಿಗುತ್ತವೆ. ಒಂದೊಂದೇ ಚುಕ್ಕೆ ಸೇರಿದಾಗ ಯಾವ ಕಡತದಲ್ಲೂ ಇಲ್ಲದ ದಾರಿಯೊಂದು ನಕಾಶೆಯ ಮೇಲೆ ಮೂಡುತ್ತದೆ.

ಈಗ ಇದರ ಬೆಲೆ ಎಷ್ಟು?

ಸವೆದ, ಸಾಮಾನ್ಯ ಇಸವಿಯ ನಾಣ್ಯಕ್ಕೆ ನೂರು ಪೌಂಡಿನ ಒಳಗೇ ಬೆಲೆ. ಮುಖ ಚೆನ್ನಾಗಿ ಉಳಿದಿದ್ದರೆ, ಇಸವಿ ಅಪರೂಪದ್ದಾಗಿದ್ದರೆ ಹೆಚ್ಚು.

ನಕಲಿ ಇರಬಹುದೇ?

ಇರಬಹುದು, ಅದರಲ್ಲೂ ಎರಡು ಬಗೆಯಿದೆ. ಆ ಕಾಲದ ಖೋಟಾ ನಾಣ್ಯದಲ್ಲಿ ತಾಮ್ರದ ಬಿಲ್ಲೆಗೆ ಬೆಳ್ಳಿಯ ಲೇಪವಿರುತ್ತದೆ. ಲೇಪ ಎದ್ದ ಕಡೆ ಕೆಂಪು ಕಾಣುತ್ತದೆ. ಅದೂ ಚರಿತ್ರೆಯ ವಸ್ತುವೇ, ದಾಖಲಿಸಬೇಕಾದದ್ದೇ. ಈಚಿನ ನಕಲು ಎರಕ ಹೊಯ್ದದ್ದಾದರೆ ಮೈಮೇಲೆ ಸಣ್ಣ ಗುಳ್ಳೆಗಳು, ಅಂಚಿನಲ್ಲಿ ಬೆಸುಗೆಯಂಥ ಗೆರೆ ಕಾಣುತ್ತವೆ. ಪರೀಕ್ಷೆಗೆಂದು ಒರೆಗಲ್ಲಿಗೆ ಉಜ್ಜಿಸಬೇಡಿ, ಆಮ್ಲದ ಹನಿ ಹಾಕಿಸಬೇಡಿ.

ಆಗ ನಾಣ್ಯದ ಯಂತ್ರವೇ ಇರಲಿಲ್ಲವೇ?

ಇತ್ತು. ಏಲೋಯ್ ಮೆಸ್ಟ್ರೆಲ್ ಎಂಬ ಫ್ರೆಂಚ್ ಕುಶಲಕರ್ಮಿ 1561ರಲ್ಲಿ ಗೋಪುರದ ಟಂಕಸಾಲೆಗೆ ತಿರುಪಿನ ಒತ್ತುಯಂತ್ರವನ್ನು ತಂದ. ಅದರಿಂದ ಹೊರಬಂದ ಆರು ಪೆನ್ನಿಗಳು ಪೂರ್ಣ ದುಂಡಗೆ, ನುಣುಪಾಗಿ, ಬಹಳ ಚೆಲುವಾಗಿವೆ. ಆದರೆ ಯಂತ್ರದ ಕೆಲಸ ಸುತ್ತಿಗೆಗಿಂತ ನಿಧಾನವಾಗಿತ್ತು, ಸುತ್ತಿಗೆಯವರ ವಿರೋಧವೂ ಇತ್ತು. 1572ರಲ್ಲಿ ಅವನನ್ನು ಕೆಲಸದಿಂದ ತೆಗೆದರು. 1578ರಲ್ಲಿ ಖೋಟಾ ನಾಣ್ಯದ ಅಪರಾಧಕ್ಕಾಗಿ ಗಲ್ಲಿಗೇರಿಸಿದರು. ಅಷ್ಟು ನುರಿತ ಕೈಯೊಂದು ಹೀಗೆ ಕೊನೆಗೊಂಡದ್ದನ್ನು ಓದುವಾಗ ಇಂದಿಗೂ ಸಂಕಟವಾಗುತ್ತದೆ. ಸುತ್ತಿಗೆ ಪೂರ್ತಿ ಹಿಂದೆ ಸರಿಯಲು 1662ರವರೆಗೆ ಕಾಯಬೇಕಾಯಿತು.

ಎಲಿಜಬೆತ್ ನಾಣ್ಯಗಳಿಗೂ ಭಾರತಕ್ಕೂ ಏನಾದರೂ ಸಂಬಂಧವಿದೆಯೇ?

ಆರು ಪೆನ್ನಿಗೆ ಇಲ್ಲ, ಅದರ ಒಡಹುಟ್ಟಿಗೆ ಇದೆ. 1600ರ ಡಿಸೆಂಬರ್ 31ರಂದು ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟವಳು ಇದೇ ರಾಣಿ. ಪೂರ್ವದ ವರ್ತಕರು ನಂಬುತ್ತಿದ್ದುದು ಸ್ಪೇನಿನ ಎಂಟು ರಿಯಾಲಿನ ಬೆಳ್ಳಿಯನ್ನು. ಅದೇ ತೂಕಕ್ಕೆ ಸರಿಹೊಂದಿಸಿ, ಕೋಟೆಬಾಗಿಲಿನ ಜಾಲರಿಯ ಚಿತ್ರ ಹಾಕಿ, ಕಂಪನಿಯ ಮೊದಲ ಯಾನಕ್ಕೆಂದೇ ಬೇರೆ ನಾಣ್ಯಗಳನ್ನು ಗೋಪುರದಲ್ಲಿ ಹೊಯ್ದರು. 1601ರಲ್ಲಿ ಜೇಮ್ಸ್ ಲ್ಯಾಂಕಾಸ್ಟರ್ ನಾಯಕತ್ವದಲ್ಲಿ ಹೊರಟ ಹಡಗುಗಳು ಸುಮಾತ್ರಾ, ಜಾವಾಗಳಿಗೆ ಹೋದವು. ಕಂಪನಿಯ ಹಡಗು ಸೂರತ್ತಿಗೆ ಬಂದದ್ದು 1608ರಲ್ಲಿ.

ರಜೆಗೆ ಊರಿಗೆ ಬರುವಾಗ ನಾಣ್ಯವನ್ನು ತರಬಹುದೇ?

ಬ್ರಿಟನ್ನಿನ ನೆಲದೊಳಗಿಂದ ದೊರೆತ, 50 ವರ್ಷಕ್ಕೂ ಹಳೆಯ ಪುರಾತತ್ತ್ವ ವಸ್ತುಗಳಿಗೆ ಬೆಲೆ ಎಷ್ಟೇ ಇರಲಿ ರಫ್ತು ಪರವಾನಗಿಯ ನಿಯಮವಿದೆ. ಹೊರಡುವ ಮೊದಲು ವಿಚಾರಿಸಿ ಲಿಖಿತ ಉತ್ತರ ಪಡೆಯಿರಿ.

ಅದೇ ಜಾಗದಲ್ಲಿ ಇನ್ನೊಂದು ನಾಣ್ಯವೂ ಕಂಡರೆ?

ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ. 2011ರಲ್ಲಿ ಯಾರ್ಕ್‌ಷೈರಿನ ಆ್ಯಕ್‌ವರ್ತ್ ಎಂಬ ಊರಿನ ಮನೆಯೊಂದರ ತೋಟದಲ್ಲಿ ಮಡಕೆಯೊಂದು ಸಿಕ್ಕಿತು. ಅದರಲ್ಲಿ 591 ಚಿನ್ನ ಬೆಳ್ಳಿ ನಾಣ್ಯಗಳ ಜೊತೆ ‘ಇದನ್ನು ಕಂಡಾಗ ನನ್ನನ್ನು ನೆನೆ’ ಎಂದು ಕೆತ್ತಿದ ಚಿನ್ನದ ಉಂಗುರವಿತ್ತು. ಹೀಗೆ ಹೂತಿಟ್ಟದ್ದರಲ್ಲಿ ಯಾವ ನಾಣ್ಯ ಯಾವುದರ ಮೇಲಿತ್ತು, ಸುತ್ತ ಬಟ್ಟೆಯ ಎಳೆಯಿತ್ತೇ, ಮಡಕೆಯ ಬಾಯಿಗೆ ಏನು ಮುಚ್ಚಿತ್ತು ಎಂಬುದು ಮಣ್ಣು ಕದಲುವವರೆಗೆ ಮಾತ್ರ ತಿಳಿಯುತ್ತದೆ. ಗುಂಡಿಯನ್ನು ಮೆಲ್ಲಗೆ ಮುಚ್ಚಿ, ಅದರ ಮೇಲೊಂದು ಗುರುತಿಟ್ಟು, ಚಿತ್ರ ತೆಗೆದುಕೊಂಡು, ಜಮೀನಿನ ಒಡೆಯರಿಗೂ ಪ್ರದೇಶದ ಅಧಿಕಾರಿಗೂ ಅಂದೇ ಸುದ್ದಿ ಮುಟ್ಟಿಸಿ.